ಮಹಡಿಯ ಕಿಟಕಿಯಲ್ಲಿ ಇರುವವರಿಗೆ

ಮಾರ್ಚ್ ೨, ಭಾನುವಾರ

ಯೂಹೆಯಿ ನಿದ್ದೆಯಲ್ಲೂ ಸಭ್ಯ! ನನ್ನ ಮೊಣಕೈ ತಾಗಿದರೆ ಕಣ್ಣು ಮುಚ್ಚಿಕೊಂಡೇ "ಸಾರಿ" ಅನ್ನುತ್ತಾನೆ. ತಾಗಿಸಿದ್ದು ನಾನು! ಇಂಥ ಗಂಡನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಊರಿಗೆಲ್ಲ ತೋರಿಸಬೇಕು ಅನ್ನಿಸುತ್ತದೆ.

ಮದುವೆಯಾದ ಮೇಲೆ ದಿನಚರಿ ಬರೆಯಲು ಇವತ್ತೇ ಪುರುಸೊತ್ತು. ಉರಾನೊ ಚಿಕ್ಕ ಊರು. ಒಂದು ಬಂದರು, ಒಂದು ಆಸ್ಪತ್ರೆ, ಅರ್ಧ ಮುಚ್ಚಿದ ಅಂಗಡಿ ಬೀದಿ. ನನಗೆ ಎಲ್ಲವೂ ಇಷ್ಟ. ಊರಿಗೆ ನಾನು ಇಷ್ಟವೋ ಗೊತ್ತಿಲ್ಲ. ಅಪ್ಪನ ಹಡಗು ಕಂಪನಿಯ ಕೆಲಸದಿಂದಾಗಿ ನಾನು ಓದಿದ್ದೆಲ್ಲ ಸಿಂಗಾಪುರದ ಇಂಗ್ಲಿಷ್ ಶಾಲೆಯಲ್ಲಿ. ಹಾಗಾಗಿ ನನ್ನ ಜಪಾನಿ ಮಾತಿಗೆ ಯಾವ ಊರಿನ ವಾಸನೆಯೂ ಇಲ್ಲ. ಮೀನಿನಂಗಡಿಯ ಅಜ್ಜಿ ನಿನ್ನೆ ಕೇಳಿದಳು: "ಏನಮ್ಮ, ಟೀವಿಯೊಳಗಿಂದ ಇಳಿದು ಬಂದ್ಯಾ? ಬಂಗುಡೆ ಕೇಳಿದ್ರೂ ಸುದ್ದಿ ಓದಿದ ಹಾಗಿರುತ್ತೆ."

ಇಸೊಗಾಯಿ ಮೇಡಂ ಮದುವೆಯ ಫೋಟೊಗಳನ್ನು ಕಳಿಸಿದ್ದಾರೆ. ಅವರು ಯೂಹೆಯಿಯ ಆಸ್ಪತ್ರೆಯ ಆಡಳಿತ ಮುಖ್ಯಸ್ಥೆ. ಗಂಡಿನ ಕಡೆಯ ಮೇಲಧಿಕಾರಿಯಾಗಿ ಊಟಕ್ಕೆ ಮುಂಚಿನ ಭಾಷಣ ಮಾಡಿದ್ದೂ ಅವರೇ. "ಈ ಹುಡುಗ ಬಿಲ್ಲಿಂಗ್ ಕೌಂಟರಿನಲ್ಲಿ ಫೋನಿಗೂ ತಲೆ ಬಾಗಿಸ್ತಾನೆ. ಅವನನ್ನ ನಂಬಬಹುದು, ಆದ್ರೆ ಫೋನನ್ನ ನಂಬಬೇಡಮ್ಮ" ಎಂದು ಎಲ್ಲರನ್ನೂ ನಗಿಸಿದ್ದರು. ನಾನು ನಗುತ್ತ ಅತ್ತು ಕಣ್ಣಿನ ಬಣ್ಣವೆಲ್ಲ ಕೆನ್ನೆಗೆ ಇಳಿದಿತ್ತು. ಎಲ್ಲ ಫೋಟೊದಲ್ಲೂ ನಾನು ಕರಡಿ!

ಮಾರ್ಚ್ ೯, ಭಾನುವಾರ

ಬರೆಯಲೇಬೇಕು, ಈಗಲೇ!

ಸ್ಟೇಷನ್ನಿನ ಎದುರು ಜನ ಸೇರಿದ್ದರು. ನಡುವೆ ಹಣ್ಣಿನ ಪೆಟ್ಟಿಗೆಯ ಮೇಲೆ ನಿಂತಿದ್ದವರ ಕೈಯಲ್ಲಿ ಮೈಕಿನ ಬದಲು ಚಾಕು. ಮುಂದೆ ಹಲಗೆ, ಟೊಮೆಟೊ ರಾಶಿ. ಕುಜಿರಾಯಿ ಮಸಾತೊ ಎಂದು ಹೆಸರು. ದೊಡ್ಡ ಅಂಗಡಿಗಳಲ್ಲಿ ನಿಂತು, ಕುಯ್ದು ತೋರಿಸಿ ಚಾಕು ಮಾರುತ್ತಿದ್ದವರು. ಅವರ ವಿಡಿಯೊಗಳನ್ನು ಊರೆಲ್ಲ ನೋಡುತ್ತದಂತೆ. ಈಗ ಮೇಯರ್ ಚುನಾವಣೆಗೆ ನಿಲ್ಲುತ್ತಾರೆ.

"ಅಕ್ಕಾ, ನಿಮ್ಮನೆ ಚಾಕು ಟೊಮೆಟೊ ಕುಯ್ಯುತ್ತೋ, ಜಜ್ಜುತ್ತೋ? ನಿಜ ಹೇಳಿ, ಯಜಮಾನ್ರು ಇಲ್ಲಿಲ್ಲ."

"ಜಜ್ಜುತ್ತಪ್ಪಾ!"

"ನಗರಸಭೆನೂ ಅಷ್ಟೇ. ನೀವು ಕೆಂಪಗೆ ಗುಂಡಗೆ ಇರೋ ತೆರಿಗೆ ಕೊಡ್ತೀರಿ, ಅವರು ಜಜ್ಜಿ ವಾಪಸ್ ಕೊಡ್ತಾರೆ. ಕುಯ್ಯೋಣವಾ?"

"ಕುಯ್ಯೋಣ!"

ಹೋಳುಗಳು ಎಷ್ಟು ತೆಳುವಾಗಿದ್ದವೆಂದರೆ ಹಿಡಿದೆತ್ತಿದರೆ ಆಚೆ ಕಡೆಯ ಬಿಸಿಲು ಕಾಣುತ್ತಿತ್ತು. ಎಲ್ಲರಿಗೂ ಒಂದೊಂದು ತಿನ್ನಿಸಿದರು. ಏನಾದರೂ ಕೇಳುವುದಿದ್ದರೆ ಕೇಳಿ ಎಂದಾಗ ನಾನು ಕೈ ಎತ್ತಿಬಿಟ್ಟೆ. ನಾನು! "ನಂಗೆ ಹೊಸದಾಗಿ ಮದುವೆ ಆಗಿದೆ. ಆಸ್ಪತ್ರೇಲಿ ಹೆರಿಗೆ ವಾರ್ಡ್ ಮುಚ್ಚಿದಾರೆ. ನಾನು ಮಗೂನ ಎಲ್ಲಿ ಹೆರಬೇಕು?"

ಅವರು ಚಾಕು ಕೆಳಗಿಟ್ಟರು. ಪೆಟ್ಟಿಗೆಯಿಂದ ಇಳಿದು ಬಂದರು. "ಏನಂದೆ ತಂಗಿ? ಇನ್ನೊಂದ್ಸಲ ಹೇಳು. ಬಂದರಿನ ತನಕ ಕೇಳ್ಬೇಕು."

ಹೇಳಿದೆ. ಮುದುಕಿಯರು ಕಣ್ಣೊರೆಸಿಕೊಂಡರು. ಕುಜಿರಾಯಿ ಜನರ ಕಡೆ ತಿರುಗಿ, "ಇಷ್ಟು ದಿನ ಈ ಊರಿಗೆ ಬಾಯಿರಲಿಲ್ಲ. ಬಂತು ನೋಡಿ" ಎಂದರು. ನಾನು ಈ ಊರಿಗೆ ಬಂದ ಮೇಲೆ ನನ್ನ ದನಿಯನ್ನು ನಗದೆ ಕೇಳಿಸಿಕೊಂಡವರು ಅವರೇ ಮೊದಲು.

ಯೂಹೆಯಿಗೆ ಹೇಳಿದರೆ, "ವಾರ್ಡ್ ಮುಚ್ಚಿದ್ದು ಡಾಕ್ಟರ್ ಇಲ್ದೆ ಕಣೇ. ಇಸೊಗಾಯಿ ಮೇಡಂ ಸಿಹಿ ಡಬ್ಬ ಹಿಡ್ಕೊಂಡು ಡಾಕ್ಟರ್ ಕಳಿಸೋ ಯೂನಿವರ್ಸಿಟಿ ಬಾಗಿಲಿಗೆ ಎಷ್ಟು ಸಲ ಹೋಗಿ ಕಾದಿದಾರೆ ಗೊತ್ತಾ?" ಎಂದ.

"ಸಿಹಿ ಡಬ್ಬಕ್ಕೆ ಡಾಕ್ಟರ್ ಬರ್ತಾರಾ? ಇರುವೆ ಬರುತ್ತೆ."

ಅವನೂ ನಕ್ಕ.

ಮಾರ್ಚ್ ೨೦, ಗುರುವಾರ

ನಾನು ಪ್ರಚಾರದ ಕಾರಿನ ದನಿ! ಕುಜಿರಾಯಿ ಅಣ್ಣನೇ ಫೋನ್ ಮಾಡಿ ಕರೆದರು. (ಎಲ್ಲರೂ ಅಣ್ಣ ಎಂದೇ ಕರೆಯುತ್ತಾರೆ.) ಬಿಳಿ ಕೈಗವಸು ತೊಟ್ಟು, ಕಾರಿನ ಕಿಟಕಿಯಿಂದ ಕೈ ಬೀಸುತ್ತ, ಅಭ್ಯರ್ಥಿಯ ಹೆಸರು ಕೂಗುತ್ತ ಊರು ಸುತ್ತುವ ಹೆಂಗಸರಿರುತ್ತಾರಲ್ಲ, ಅವರಲ್ಲಿ ಒಬ್ಬಳು. ಚಿಕ್ಕವಳಿದ್ದಾಗ ರಜೆಗೆ ಬಂದರೆ ಆ ಕಾರುಗಳ ಹಿಂದೆ ಓಡುತ್ತಿದ್ದೆ.

ಕಲಿಸುವವರು ತೊಮೊಯೆ ಅಕ್ಕ. ಎಲ್ಲ ಪಕ್ಷದವರಿಗೂ ಕೂಗಿದ ಗಂಟಲು ಅವರದು. "ನಂಗೆ ಯಾರು ಗೆದ್ರೂ ಒಂದೇ ಕಣಮ್ಮ, ಜೇನುತುಪ್ಪ ಕೊಡಿಸಿದ್ರೆ ಸಾಕು" ಅನ್ನುತ್ತಾರೆ. ಎದುರಾಳಿಯ ಕಾರು ಬಂದರೆ ಶುಭ ಕೋರಬೇಕು. ಸಾವಿನ ಮನೆ ಕಂಡರೆ ಮೈಕು ಆರಿಸಬೇಕು. ಎಲ್ಲಕ್ಕಿಂತ ಮುಖ್ಯ, ಜನ ಕಂಡರೆ ಆ ಕ್ಷಣವೇ ಧನ್ಯವಾದ ಹೇಳಬೇಕು.

"ಯೋಚನೆ ಮಾಡ್ಬಾರ್ದು. ಕಣ್ಣಿಂದ ಸೀದಾ ಬಾಯಿಗೆ. ಎಲ್ಲಿದಾರೆ, ಏನು ಬಟ್ಟೆ ಹಾಕಿದಾರೆ ಅಂತಾನೂ ಸೇರಿಸು. ಆಗ ಅವರಿಗೆ ತಮ್ಮನ್ನೇ ಕರೆದ ಹಾಗಾಗುತ್ತೆ."

"ಅವರು ನಮ್ಮ ಕಡೆಯವರಲ್ದಿದ್ರೆ?"

"ಬಟ್ಟೆ ಒಣಗಿಸೋಕೆ ಕೈ ಎತ್ತಿದ್ರೂ ನಮ್ಮ ಕಡೆಯವರೇ."

ಮನೆಗೆ ಬರುವಾಗ ದಾರಿಯುದ್ದಕ್ಕೂ ಅಭ್ಯಾಸ. ಗೋಡೆಯ ಮೇಲಿನ ಬೆಕ್ಕಿಗೂ ಧನ್ಯವಾದ. ಯೂಹೆಯಿ ಸ್ನಾನ ಮಾಡುತ್ತಿದ್ದ. ಹೊರಗಿನಿಂದ ಕೂಗಿದೆ: "ಸ್ನಾನದ ಮನೆಯ ಕಿಟಕಿಯಲ್ಲಿ ಬಿಳಿ ಟವೆಲ್ ಸುತ್ತಿಕೊಂಡಿರುವ ಮಹನೀಯರೇ, ನಿಮ್ಮ ಬೆಚ್ಚನೆಯ ಬೆಂಬಲಕ್ಕೆ ಧನ್ಯವಾದಗಳು!" ಒಳಗೆ ದಡಾರ್ ಎಂದು ಬಕೆಟ್ ಉರುಳಿತು. ನಕ್ಕು ನಕ್ಕು ಅವನಿಗೆ ಬಿಕ್ಕಳಿಕೆ ಹತ್ತಿತು.

ಏಪ್ರಿಲ್ ೧, ಮಂಗಳವಾರ

ಸಭಾಭವನದಲ್ಲಿ ಜನ ಬಾಗಿಲಾಚೆಯವರೆಗೂ ನಿಂತಿದ್ದರು. ಅಣ್ಣ ಇವತ್ತು ಮೊದಲ ಸಲ ಇಸೊಗಾಯಿ ಮೇಡಂ ಹೆಸರು ತೆಗೆದರು. ಹೆರಿಗೆ ವಾರ್ಡನ್ನು ಮುಚ್ಚಿದ ಕೈ ಅವರದಂತೆ. ಡಾಕ್ಟರುಗಳನ್ನು ಓಡಿಸಿ ಪಕ್ಕದ ಊರಿನ ಆಸ್ಪತ್ರೆಗೆ ಒಪ್ಪಿಸಿದರಂತೆ, ಅದಕ್ಕೆ ಬದಲಾಗಿ ಅಲ್ಲಿ ದೊಡ್ಡ ಹುದ್ದೆ ಕಾದಿದೆಯಂತೆ. ಒಂದು ಟೊಮೆಟೊ ಎತ್ತಿ ಹಿಡಿದು, "ಇದು ಯಾರು ಹೇಳಿ?" ಎಂದರು. ಜನ ಹೆಸರು ಕೂಗಿದರು. "ಕುಯ್ಯೋಣವಾ?" "ಕುಯ್ಯೋಣ!"

ನನಗೆ ಸ್ವಲ್ಪ ಕಸಿವಿಸಿಯಾಯಿತು. ಸಭೆ ಮುಗಿದ ಮೇಲೆ, ಅವರು ನಮ್ಮ ಮದುವೆಗೆ ಬಂದಿದ್ದರು ಎಂದು ಅಣ್ಣನಿಗೆ ಹೇಳಿದೆ. ಅವರು ಬೇಸರಪಡಲಿಲ್ಲ. ಹಲಗೆ ಒರೆಸುತ್ತ ನಕ್ಕರು. "ತಂಗೀ, ನಾನು ಇಪ್ಪತ್ತು ವರ್ಷ ಟೊಮೆಟೊ ಕುಯ್ದಿದೀನಿ. ಟೊಮೆಟೊ ಮೇಲೆ ನಂಗೆ ಸಿಟ್ಟಿದ್ಯಾ? ಚಾಕು ಹರಿತ ಇದೆ ಅಂತ ತೋರಿಸೋಕೆ ಏನಾದ್ರೂ ಕುಯ್ಯಲೇಬೇಕಲ್ವಾ?"

ಹೌದಲ್ಲ! ಅದು ವೇದಿಕೆಯ ಮಾತು. ಯೂಹೆಯಿಗೂ ಹೀಗೇ ಹೇಳಿದೆ. ಅವನು ಅನ್ನದ ಬಟ್ಟಲು ಕೆಳಗಿಟ್ಟು, "ಮೇಡಂ ಟೊಮೆಟೊ ಅಲ್ಲ ಕಣೇ" ಎಂದ.

"ಅಯ್ಯೋ, ಅದೇ ನಾನೂ ಹೇಳ್ತಿರೋದು. ನಿಜವಾದ ಸಿಟ್ಟಲ್ಲ ಅದು."

"ಕೂಗಿದವರದ್ದು?"

ಪಾತ್ರೆ ಅವನೇ ತೊಳೆದ. ಎಷ್ಟು ಒಳ್ಳೆಯವನು.

ಏಪ್ರಿಲ್ ೬, ಭಾನುವಾರ

ಪ್ರಚಾರದ ಮೊದಲ ದಿನ. ಬೆಳಗ್ಗೆ ಎಂಟಕ್ಕೆ ಶುರು, ರಾತ್ರಿ ಎಂಟಕ್ಕೆ ಮೈಕು ಬಂದ್. ಓದಬೇಕಾದ ಹಾಳೆಯಲ್ಲಿ ಮೇಡಂ ಹೆಸರಿದೆ: "ಇಸೊಗಾಯಿ ಸುಮಿಕೊ ಮುಚ್ಚಿದ ಹೆರಿಗೆ ವಾರ್ಡನ್ನು ಮತ್ತೆ ತೆರೆಯಲು ಕುಜಿರಾಯಿ." ಮೊದಲ ಕೆಲವು ತಿರುವುಗಳಲ್ಲಿ ಹೆಸರು ಬಿಟ್ಟು ಓದಿದೆ. ಹಿಂದಿನ ಸೀಟಿನಲ್ಲಿದ್ದ ಪ್ರಚಾರದ ಮುಖ್ಯಸ್ಥ, "ಹಾಳೇಲಿರೋದು ಓದಮ್ಮ, ನಾಲ್ಕಕ್ಷರಕ್ಕೆ ಯಾಕೆ ಕಂಜೂಸ್‌ತನ?" ಎಂದ. ಆಮೇಲೆ ಓದಿದೆ.

ಜನ ಮನೆಗಳಿಂದ ಹೊರಗೆ ಓಡಿ ಬರುತ್ತಾರೆ! ಮೀನಿನಂಗಡಿಯ ಅಜ್ಜಿ ಏಪ್ರನ್ನಿನಲ್ಲೇ ಬಂದು ಕೈಗವಸಿನ ಮೇಲೆ ಮುತ್ತಿಟ್ಟಳು. ಕೈಗವಸು ಬಂಗುಡೆ ವಾಸನೆ. ನಮ್ಮ ಕಾರಿನ ಹಿಂದೆ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತ ಬರುವವರ ಬೈಕು, ಕಾರುಗಳ ಸಾಲು. ಬೇರೆ ಊರುಗಳಿಂದಲೂ ಬಂದಿದ್ದಾರೆ. ನಾನು ಹೇಳಿದ್ದೆಲ್ಲ ಆ ಕ್ಷಣವೇ ಸಾವಿರಾರು ಜನರ ಕಿವಿಗೆ!

ಏಪ್ರಿಲ್ ೮, ಮಂಗಳವಾರ

ಗಂಟಲು ದಪ್ಪವಾಗಿದೆ. ತೊಮೊಯೆ ಅಕ್ಕ ಮೂಲಂಗಿ ಹೋಳಿನ ಮೇಲೆ ಜೇನು ಸುರಿದು ಕೊಟ್ಟರು.

ಇಸೊಗಾಯಿ ಮೇಡಂ ಕೆಲಸಕ್ಕೆ ಬರುತ್ತಿಲ್ಲವಂತೆ. ಅವರ ಮನೆಯ ಮುಂದೆ ವಿಡಿಯೊದವರು ನಿಂತಿದ್ದರು, ಕಿಟಕಿಯ ಗಾಜು ಯಾರೋ ಒಡೆದರು, ಅವರು ಎಲ್ಲಿಗೆ ಹೋದರೋ ಯಾರಿಗೂ ಗೊತ್ತಿಲ್ಲ. ಹುಡುಕಿದವರಿಗೆ ಬಹುಮಾನ ಕೊಡುತ್ತೇನೆಂದು ಒಬ್ಬ ತಮಾಷೆಗೆ ಬರೆದಿದ್ದಾನೆ. ಹಿಂಬಾಲಿಸಿ ಬರುವವರು ಅದನ್ನೇ ಮಾತಾಡುತ್ತಾರೆ. ಇದಕ್ಕೂ ಅಣ್ಣನಿಗೂ ಏನೂ ಸಂಬಂಧವಿಲ್ಲ.

ಯೂಹೆಯಿ ತಡವಾಗಿ ಬಂದ. ಮೇಡಂ ಎಲ್ಲಿರಬಹುದು ಎಂದು ಕೇಳಿದೆ.

"ಗೊತ್ತಿಲ್ಲ" ಎಂದ. ಅವನ ಶೂಗಳಿಗೆ ಮರಳು ಹತ್ತಿತ್ತು. ಒರೆಸಿಟ್ಟೆ.

ಏಪ್ರಿಲ್ ೧೦, ಗುರುವಾರ

ಬಿಸಿಲಿತ್ತು, ಗಾಳಿ ಇರಲಿಲ್ಲ. ಊಟಕ್ಕೆ ಅನ್ನದ ಉಂಡೆ, ಒಳಗೆ ಉಪ್ಪು ಹಚ್ಚಿದ ಸಾಲ್ಮನ್ ಮೀನು.

ಊಟದ ನಂತರ ಹಳೆಯ ದೋಣಿಕಟ್ಟೆಯ ಕಡೆ ಹೋದೆವು. ಅಲ್ಲಿ ಮನೆಗಳು ಕಡಿಮೆ, ಜನರೇ ಇರಲಿಲ್ಲ. ಜನ ಕಾಣದಿದ್ದರೆ ದನಿ ಬೀಳುತ್ತದೆ. ಹಾಗಾಗಿ ಕಣ್ಣು ತಾನಾಗಿ ಜನರನ್ನು ಹುಡುಕುತ್ತದೆ. ಕೊನೆಯಲ್ಲಿ ಮಿಸಾಕಿ ಎಂಬ ಹಳೆಯ ವಸತಿಗೃಹ. ಮಹಡಿಯ ಕಿಟಕಿ ಅರ್ಧ ತೆರೆದಿತ್ತು. ಒಂದು ಕೈ ಮೇಲಕ್ಕೆ ಹೋಯಿತು. ಪರದೆ ಎಳೆಯುವುದಕ್ಕೆ ಇರಬೇಕು.

ನಾನು ಹೇಳಿದೆ: "ಮಿಸಾಕಿ ವಸತಿಗೃಹದ ಮಹಡಿಯ ಕಿಟಕಿಯಲ್ಲಿ ನಿಂಬೆಹಣ್ಣಿನ ಬಣ್ಣದ ಸ್ವೆಟರ್ ತೊಟ್ಟಿರುವ ಮೇಡಂ ಅವರೇ, ನಿಮ್ಮ ಬೆಚ್ಚನೆಯ ಬೆಂಬಲಕ್ಕೆ ಧನ್ಯವಾದಗಳು."

ಹೇಳಿ ಮುಗಿದ ಮೇಲೆ ಮುಖ ಕಂಡಿತು. ಮೊದಲು ಬಾಯಿ, ಆಮೇಲೆ ಕಣ್ಣು.

ಹಿಂದಿನ ಬೈಕುಗಳು ನಿಂತವು. ಎಲ್ಲ ಮೊಬೈಲುಗಳೂ ಮೇಲಕ್ಕೆ ತಿರುಗಿದವು. ಯಾರೋ "ಅವಳೇ ಕಣ್ರೋ!" ಎಂದರು. ತೊಮೊಯೆ ಅಕ್ಕ ನನ್ನ ಕೈಯಿಂದ ಮೈಕು ಕಿತ್ತುಕೊಂಡು ಆರಿಸಿದರು. ಅಷ್ಟರಲ್ಲಿ ವಸತಿಗೃಹದ ಬಾಗಿಲು ಬಡಿಯುವ ಸದ್ದು. ಮನೆಯೊಡತಿ ಮುದುಕಿ ಬಾಗಿಲಿಗೆ ಅಡ್ಡ ನಿಂತು, "ಯಾರೂ ಇಲ್ಲ ಹೋಗ್ರಪ್ಪಾ, ಹೋಗ್ರೀ" ಎಂದು ಬೇಡುತ್ತಿದ್ದಳು. ಅವಳನ್ನು ತಳ್ಳಾಡತೊಡಗಿದರು. ಆಗ ಮೇಡಂ ತಾವಾಗಿಯೇ ಇಳಿದು ಬಂದರು.

ರಸ್ತೆಯ ಮಧ್ಯೆ ನಿಂತು ಸೊಂಟ ಬಾಗಿಸಿ ನಮಸ್ಕರಿಸಿದರು. ಕ್ಷಮೆ ಕೇಳುವಾಗ ಬಾಗುವಂತೆ, ಪೂರ್ತಿ. ಮೇಲೇಳಲಿಲ್ಲ. ಜನ ಸುತ್ತ ನಿಂತು ವಿಡಿಯೊ ಮಾಡಿದರು. ಒಬ್ಬ ಅವರ ಮುಖ ಸಿಗಲೆಂದು ಕೆಳಗೆ ಕೂತು ಮೊಬೈಲ್ ಮೇಲಕ್ಕೆ ಹಿಡಿದ.

ಅಣ್ಣನ ಕಾರು ಬಂತು. ಅವರು ಇಳಿದು, ನಿಧಾನವಾಗಿ ನಡೆದು ಹೋಗಿ, ಮೇಡಂ ಅವರ ಎರಡೂ ಕೈ ಹಿಡಿದು ಮೇಲೆತ್ತಿದರು. "ಅಕ್ಕ ತಪ್ಪು ಒಪ್ಪಿಕೊಂಡಿದಾರೆ. ಕ್ಷಮಿಸೋಣವಾ?" ಎಂದು ಜನರನ್ನು ಕೇಳಿದರು.

"ಕುಯ್ಯೋಣ!" ಎಂದು ಒಬ್ಬ ಹಿಂದಿನಿಂದ ಕೂಗಿದ. ಎಲ್ಲರೂ ನಕ್ಕರು. ಅಣ್ಣನೂ ನಕ್ಕು, ಬೆರಳು ತೋರಿಸಿ ಗದರಿದರು. ಆಮೇಲೆ ನನ್ನ ಕಡೆ ನೋಡಿ, ಏನಾದರೂ ಹೇಳು ಎಂಬಂತೆ ಗದ್ದ ಎತ್ತಿ ಸನ್ನೆ ಮಾಡಿದರು. ಮುಖ್ಯಸ್ಥ ಮೈಕನ್ನು ಮತ್ತೆ ನನ್ನ ಕೈಗಿಟ್ಟ.

"ನಿಮ್ಮ ಬೆಚ್ಚನೆಯ ಬೆಂಬಲಕ್ಕೆ ಧನ್ಯವಾದಗಳು" ಎಂದೆ. ಬೇರೇನೂ ಬಾಯಿಗೆ ಬರಲಿಲ್ಲ.

ಮೇಡಂ ನನ್ನನ್ನು ನೋಡಿದರು. ಗುರುತು ಹಿಡಿದರು ಅಂತ ಕಾಣುತ್ತದೆ. ನನಗೂ ಸ್ವಲ್ಪ ತಲೆ ಬಾಗಿಸಿದರು.

ತೊಮೊಯೆ ಅಕ್ಕ ಕೈಗವಸು ಬಿಚ್ಚಿ ಸೀಟಿನ ಮೇಲಿಟ್ಟು ಇಳಿದರು. "ಇಷ್ಟು ವರ್ಷ ಕೂಗಿದೀನಿ, ಯಾರ ಮನೆ ಬಾಗಿಲೂ ಮುರಿಸಿರಲಿಲ್ಲ" ಎಂದರು. ನನ್ನನ್ನು ಬೈಯಲಿಲ್ಲ. ಬಸ್ ಸ್ಟಾಪಿನ ಕಡೆ ನಡೆದು ಹೋದರು. ನಾನು ಎಂಟರವರೆಗೆ ಕೂಗಿದೆ.

ಮನೆಗೆ ಬಂದರೆ ಯೂಹೆಯಿ ಹೊಸ್ತಿಲಲ್ಲಿ ಶೂ ಬಿಚ್ಚದೆ ಕೂತಿದ್ದ.

"ನಾನೇ ಬಿಟ್ಟು ಬಂದಿದ್ದೆ ಅವರನ್ನ ಅಲ್ಲಿ" ಎಂದ.

"ನಂಗೆ ಯಾಕೆ ಹೇಳ್ಲಿಲ್ಲ? ಹೇಳಿದ್ರೆ ಆ ಕಡೆ ನೋಡ್ತಾನೇ ಇರ್ಲಿಲ್ಲ."

"ನಿಂಗಾ?"

ಅಷ್ಟೇ ಹೇಳಿದ. ಸಿಟ್ಟಿನಿಂದಲೂ ಹೇಳಲಿಲ್ಲ.

ಏಪ್ರಿಲ್ ೧೧, ಶುಕ್ರವಾರ

ಹಗಲಿಡೀ ಕೂಗಿದೆ. ಗಂಟಲು ಪರವಾಗಿಲ್ಲ.

ಏಪ್ರಿಲ್ ೧೩, ಭಾನುವಾರ

ಗೆದ್ದೆವು. ಎಣಿಕೆ ಶುರುವಾದ ಕೂಡಲೇ ಗೊತ್ತಾಯಿತು. ಎಲ್ಲರೂ ಕೈ ಮೇಲೆತ್ತಿ ಜಯಕಾರ ಕೂಗಿದರು, ನಾನೂ ಎತ್ತಿದೆ. ದೋಣಿಕಟ್ಟೆಯ ವಿಡಿಯೊವನ್ನು ಇಡೀ ದೇಶ ನೋಡಿದೆಯಂತೆ. "ಅದೇ ನಮ್ಮನ್ನ ದಡ ಮುಟ್ಟಿಸ್ತು, ಕ್ಷಮಿಸೋ ನಾಯಕ ಅಂತ ಹೆಸರು ಬಂತು" ಎಂದು ಮುಖ್ಯಸ್ಥ ನನ್ನ ಲೋಟಕ್ಕೆ ಬಿಯರ್ ಸುರಿದ. ನೊರೆ ಚೆಲ್ಲಿ ಸ್ಕರ್ಟು ಒದ್ದೆಯಾಯಿತು.

ಅಣ್ಣ ವೇದಿಕೆಗೆ ಕರೆದು, "ಈ ಊರಿನ ಬಾಯಿ" ಎಂದು ಪರಿಚಯಿಸಿದರು. ಚಪ್ಪಾಳೆ ತುಂಬಾ ಹೊತ್ತು ಇತ್ತು.

ಯೂಹೆಯಿ ಮತ ಹಾಕಿ ಬಂದು ಮಲಗಿದ್ದ. ಹಾಸಿಗೆಗಳ ನಡುವೆ ಕಾಫಿ ಮೇಜು ಇಟ್ಟಿದ್ದಾನೆ. ಓದುವುದಕ್ಕೆ ಇರಬೇಕು.

ಮೇ ೨೬, ಸೋಮವಾರ

ನಗರಸಭೆಯಲ್ಲಿ ಕೆಲಸ ಸಿಕ್ಕಿದೆ. ಊರಿನ ಕಂಬಗಳ ಮೇಲಿರುವ ಧ್ವನಿವರ್ಧಕಗಳಲ್ಲಿ ಪ್ರಕಟಣೆ ಓದುವ ಕೆಲಸ. ಮೊದಲು ರೆಕಾರ್ಡು ಮಾಡಿದ ಯಂತ್ರದ ದನಿ ಇತ್ತು. ಮೇಯರ್ ಅದನ್ನು ತೆಗೆಸಿ ನನ್ನನ್ನು ಹಾಕಿದ್ದಾರೆ. ಲಸಿಕೆ ಶಿಬಿರ, ಕಸದ ಗಾಡಿ, ಎತ್ತರದ ಅಲೆಗಳ ಎಚ್ಚರಿಕೆ. ನಿಧಾನವಾಗಿ ಓದಬೇಕು, ಯಾಕೆಂದರೆ ಗುಡ್ಡಕ್ಕೆ ತಾಗಿ ದನಿ ಹಿಂದೆ ಬರುತ್ತದೆ.

ಇಸೊಗಾಯಿ ಮೇಡಂ ಈ ತಿಂಗಳು ರಾಜೀನಾಮೆ ಕೊಟ್ಟರಂತೆ. ನಗರಸಭೆಯ ತನಿಖೆಯಲ್ಲಿ ಏನೂ ಸಿಗಲಿಲ್ಲ, ಪಕ್ಕದ ಊರಿನಲ್ಲಿ ಯಾವ ಹುದ್ದೆಯೂ ಕಾದಿರಲಿಲ್ಲ ಎಂದು ಯೂಹೆಯಿ ಹೇಳಿದ. ಅದನ್ನು ಯಾರೂ ಪ್ರಕಟಿಸಲಿಲ್ಲ. ನನ್ನ ಕೈಗೆ ಅಂಥ ಹಾಳೆ ಬರಲಿಲ್ಲ.

ಜುಲೈ ೩, ಗುರುವಾರ

ಹೆರಿಗೆ ವಾರ್ಡಿನ ಉದ್ಘಾಟನೆ. ಮೇಯರ್ ಚಾಕುವಿನಿಂದ ರಿಬ್ಬನ್ ಕುಯ್ದರು. ಹಾಸಿಗೆಗಳಿಗೆ ಗುಲಾಬಿ ಬಣ್ಣದ ಹೊದಿಕೆ. ಡಾಕ್ಟರ್ ಇಲ್ಲ. ಡಾಕ್ಟರ್ ಕೊಡದಿರುವುದು ಯೂನಿವರ್ಸಿಟಿಯ ಪಿತೂರಿ ಎಂದು ಮೇಯರ್ ಹೇಳಿದರು. ಮುಂದಿನ ವಾರದಿಂದ ಅವರ ಭಾಷಣದಲ್ಲಿ ಮೀನುಗಾರರ ಸಂಘದ ಅಧ್ಯಕ್ಷರ ಹೆಸರು ಬರುತ್ತದಂತೆ.

ಮೀನಿನಂಗಡಿಯ ಅಜ್ಜಿಯ ಸೊಸೆಗೆ ತುಂಬು ದಿನಗಳು. ಗುಡ್ಡ ದಾಟಿ ಪಕ್ಕದ ಊರಿಗೇ ಕರೆದುಕೊಂಡು ಹೋಗುತ್ತಾರೆ.

"ಪಾಪ, ಮೇಯರ್‌ಗೆ ಕೆಲಸ ಮಾಡೋಕೆ ಬಿಡ್ತಿಲ್ಲಮ್ಮ ಅವರು" ಎಂದಳು ಅಜ್ಜಿ.

"ಯಾರು?"

"ಅವರೇ."

ಬಂಗುಡೆ ಕಟ್ಟಿಕೊಟ್ಟಳು. ಈಗ ನನ್ನ ಮಾತಿಗೆ ಯಾರೂ ನಗುವುದಿಲ್ಲ.

ಆಗಸ್ಟ್ ೧೭, ಭಾನುವಾರ

ಯೂಹೆಯಿ ಭಾನುವಾರಗಳಂದು ಮೇಡಂ ಅವರನ್ನು ನೋಡಿ ಬರುತ್ತಾನೆ. ಇವತ್ತು ಪೀಚ್ ಹಣ್ಣು ತೆಗೆದುಕೊಂಡು ಹೋಗಿದ್ದ. ನಾನೂ ಬರಲೇ ಎಂದೆ. ಶೂ ದಾರ ಕಟ್ಟುತ್ತ, "ಬೇಡ" ಎಂದ. ಎದ್ದು ನಿಂತು, "ಅವರು ಸ್ಪೀಕರ್ ಕಂಬದ ಕಡೆಯ ಕಿಟಕಿಗೆ ಹಾಸಿಗೆ ಒರಗಿಸಿ ಇಟ್ಟಿದಾರೆ" ಎಂದ.

"ಬಿಸಿಲಿಗಾ?"

ಬಾಗಿಲು ಮೆತ್ತಗೆ ಹಾಕಿಕೊಂಡು ಹೋದ.

ಬಟ್ಟೆ ಒಗೆದೆ.

ಸೆಪ್ಟೆಂಬರ್ ೯, ಮಂಗಳವಾರ

ಪೊಲೀಸ್ ಠಾಣೆಯಿಂದ ಹಾಳೆ ಬಂತು. ಕಾಣೆಯಾದವರ ಹೆಸರು ಓದುವ ಪದ್ಧತಿ ಇಲ್ಲ. ವಯಸ್ಸು, ಎತ್ತರ, ಬಟ್ಟೆ ಅಷ್ಟೇ. ಅರವತ್ತೊಂದು ವರ್ಷದ ಮಹಿಳೆ. ಬೂದು ಅಂಗಿ, ಕಪ್ಪು ಪ್ಯಾಂಟ್, ಕೈಯಲ್ಲಿ ಏನೂ ಇಲ್ಲ. ಬೆಳಗ್ಗೆಯಿಂದ ಮನೆಯಲ್ಲಿಲ್ಲ.

ಯೂಹೆಯಿಗೆ ಫೋನ್ ಮಾಡಿದೆ. ಅವನು ಆಗಲೇ ಹುಡುಕುತ್ತಿದ್ದ; ಗಾಳಿಯ ಸದ್ದು ಕೇಳಿಸುತ್ತಿತ್ತು. "ಹೌದು, ಅವರೇ" ಎಂದ. "ಓದಬೇಡ. ಬೇರೆ ಯಾರಾದ್ರೂ ಓದಲಿ. ನಿನ್ನ ದನಿ ಕೇಳಿದ್ರೆ ಅವರು ಇನ್ನೂ ದೂರ ಹೋಗ್ತಾರೆ."

ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಬೇರೆ ಯಾರಿಗೂ ಓದಿ ಅಭ್ಯಾಸವಿಲ್ಲ, ತಡವಾದರೆ ಕತ್ತಲಾಗುತ್ತದೆ ಎಂದರು. ಅದೂ ನಿಜ. ಓದಿದೆ. ಪದ್ಧತಿಯಂತೆ ಎರಡು ಸಲ.

ಸೆಪ್ಟೆಂಬರ್ ೧೦, ಬುಧವಾರ

ಕಾಣೆಯಾದವರು ಸಿಕ್ಕ ಮೇಲೆ ಅದನ್ನೂ ಊರಿಗೆ ತಿಳಿಸುತ್ತೇವೆ. ಬದುಕಿ ಸಿಕ್ಕರೆ "ಸುರಕ್ಷಿತವಾಗಿ ಪತ್ತೆಯಾಗಿದ್ದಾರೆ" ಎಂದು ಓದಬೇಕು. ಇಲ್ಲವಾದರೆ "ಪತ್ತೆಯಾಗಿದ್ದಾರೆ" ಎಂದಷ್ಟೇ. ಊರಿನವರೆಲ್ಲ ಆ ಒಂದು ಮಾತಿಗಾಗಿ ಕೆಲಸ ನಿಲ್ಲಿಸಿ ಕಿವಿಗೊಟ್ಟಿರುತ್ತಾರೆ.

ಮಧ್ಯಾಹ್ನ ಹಾಳೆ ಬಂತು. ಚಿಕ್ಕದಾಗಿತ್ತು. ಮೈಕಿನ ಗುಂಡಿ ಒತ್ತುವ ಮೊದಲು ಎರಡು ಸಲ ಓದಿಕೊಂಡೆ, ಮುದ್ರಣದಲ್ಲಿ ಬಿಟ್ಟುಹೋಗಿರಬಹುದೇ ಎಂದು. ಠಾಣೆಗೆ ಫೋನ್ ಮಾಡಿ ಕೇಳಿದೆ. "ಇದ್ದ ಹಾಗೇ ಓದಿ" ಎಂದರು.

"ನಿನ್ನೆ ತಿಳಿಸಲಾಗಿದ್ದ ಕಾಣೆಯಾದ ಮಹಿಳೆ ಪತ್ತೆಯಾಗಿದ್ದಾರೆ. ನಿಮ್ಮ ಸಹಕಾರಕ್ಕೆ ಧನ್ಯವಾದಗಳು."

ಗುಡ್ಡದಿಂದ ದನಿ ಹಿಂದೆ ಬಂತು. ಎರಡನೆಯ ಸಲ ಓದಿದೆ. ವಿಭಾಗದ ಮುಖ್ಯಸ್ಥರು ಗಾಜಿನ ಆಚೆ ತಲೆ ಆಡಿಸಿದರು. ದನಿ ಸ್ವಲ್ಪವೂ ನಡುಗಲಿಲ್ಲ ಎಂದರು. ಹೌದು, ನಡುಗಿರಲಿಲ್ಲ.

ಆಮೇಲೆ ನಾಯಿಗಳ ಲಸಿಕೆಯ ಪ್ರಕಟಣೆ ಇತ್ತು.

ಸೆಪ್ಟೆಂಬರ್ ೧೨, ಶುಕ್ರವಾರ

ಇವತ್ತು ಸಂಜೆ ಇಸೊಗಾಯಿ ಮೇಡಂ ಅವರ ಅಂತಿಮ ದರ್ಶನ. ಕಪ್ಪು ಉಡುಪು ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಯೂಹೆಯಿ ಬೇಡ ಎನ್ನಲಿಲ್ಲ. ಬಾ ಎಂದೂ ಅನ್ನಲಿಲ್ಲ. ಎರಡು ಹೆಜ್ಜೆ ಮುಂದೆ ನಡೆದ.

ಜನ ಕಡಿಮೆ ಇದ್ದರು. ಮೇಯರ್ ಕಳಿಸಿದ ದೊಡ್ಡ ಹೂವಿನ ಚೌಕಟ್ಟನ್ನು ಯಾರೋ ಗೋಡೆಯ ಕಡೆ ತಿರುಗಿಸಿಟ್ಟಿದ್ದರು. ಮೇಡಂ ಅವರ ತಂಗಿ ಬಾಗಿಲ ಬಳಿ ಕೂತು, ಬಂದವರಿಗೆಲ್ಲ ತಲೆ ಬಾಗಿಸುತ್ತಿದ್ದರು. ಅವರು ನನ್ನನ್ನು ಯಾವತ್ತೂ ನೋಡಿದವರಲ್ಲ. ನಾನು ಧೂಪ ಹಾಕಿ ಬಂದು, ಅವರ ಮುಂದೆ ಮಂಡಿಯೂರಿ, ಇಂಥ ಹೊತ್ತಿನಲ್ಲಿ ಹೇಳುವ ಮಾತು ಹೇಳಿದೆ. ಮೆಲ್ಲಗೇ ಹೇಳಿದ್ದು.

ಕೋಣೆಯಲ್ಲಿದ್ದ ಎಲ್ಲರೂ ತಿರುಗಿದರು.

ತಂಗಿ ತಲೆ ಎತ್ತಿ ನನ್ನ ಮುಖ ನೋಡಿದರು. "ಓ, ನೀವಾ?" ಎಂದರು. "ಪೊಲೀಸ್ನೋರ ಫೋನು ಆಮೇಲೆ ಬಂತಮ್ಮ. ನಾನು ಅಂಗಳದಲ್ಲಿ ಬಟ್ಟೆ ಎತ್ತಿಡ್ತಾ ಇದ್ದೆ. ನಿಮ್ಮಿಂದಾನೇ ಮೊದ್ಲು ಗೊತ್ತಾಗಿದ್ದು. ಅಷ್ಟು ಬಿಡಿಸಿ ಬಿಡಿಸಿ ಓದಿದ್ರಿ, ನಾನು ತಪ್ಪು ಕೇಳಿಸ್ಕೊಂಡೆ ಅಂದ್ಕೊಳ್ಳೋಕೂ ಆಗ್ಲಿಲ್ಲ."

ಅವರು ಸಿಟ್ಟಾಗಿರಲಿಲ್ಲ. ತಲೆ ಬಾಗಿಸಿದರು. ನಾನೂ ಬಾಗಿಸಿದೆ. ಯಾರು ಮೊದಲು ಏಳಬೇಕೆಂದು ತಿಳಿಯದೆ ಇಬ್ಬರೂ ಹಾಗೇ ಇದ್ದೆವು. ಯೂಹೆಯಿ ನನ್ನ ತೋಳು ಹಿಡಿದು ಎಬ್ಬಿಸಿದ. ತುಂಬ ದಿನಗಳ ಮೇಲೆ ಅವನ ಕೈ.

ಹೊರಡುವಾಗ ಎಲ್ಲರಿಗೂ ಕೊಡುವಂತೆ ನಮಗೂ ಉಪ್ಪಿನ ಪೊಟ್ಟಣ ಕೊಟ್ಟರು, ಸಾವಿನ ಮನೆಯಿಂದ ಹಿಂದಿರುಗಿದವರು ಒಳಗೆ ಹೋಗುವ ಮುನ್ನ ಮೈಮೇಲೆ ಚಿಮುಕಿಸಿಕೊಳ್ಳಲು. ಯೂಹೆಯಿ ಬಾಗಿಲಲ್ಲಿ ತನ್ನ ಮೇಲೆ ಚಿಮುಕಿಸಿಕೊಂಡು ಒಳಗೆ ಹೋದ. ಬೆನ್ನಿಗೆ ಕೈ ಎಟಕುವುದಿಲ್ಲ. ಅದನ್ನು ಇನ್ನೊಬ್ಬರು ಹಾಕಬೇಕು. ಅವನ ಬೆನ್ನಿಗೆ ನಾನು ಹಾಕುವುದಕ್ಕೆ ಅವನು ನಿಲ್ಲಲಿಲ್ಲ. ನನ್ನ ಬೆನ್ನಿಗೆ ಹಾಕಲು ಯಾರೂ ಇಲ್ಲ.

ಹೊರಗಿನ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗೆ ದೀಪ ಹತ್ತಿದೆ. ಬಾಗಿಲು ಹಾಕಿಲ್ಲ.

ಈಗಷ್ಟೇ "ಯೂಹೆಯಿ" ಎಂದು ಕರೆದೆ.

ನನ್ನ ಬಾಯಿಂದ ಕಂಬದ ಮೇಲಿನ ದನಿ ಬಂತು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಗುಡ್ಡಕ್ಕೆ ತಾಗಿ ಹಿಂದೆ ಬರಲು ಜಾಗ ಬಿಟ್ಟು. ಎದುರುಮನೆಯಲ್ಲಿ ಯಾರೋ ಟೀವಿಯ ಸದ್ದು ಕಡಿಮೆ ಮಾಡಿದರು, ಪ್ರಕಟಣೆ ಇರಬೇಕೆಂದು.

ಗಂಟಲು ಸರಿಮಾಡಿಕೊಂಡು ಇನ್ನೊಂದು ಸಲ ಕರೆದೆ. ಅದೇ ದನಿ.